ಮಾಂಸದ ಕೋಳಿ ಓಡಾಡಲಿ, ಕಾಲು ಗಟ್ಟಿಯಾಗಲಿ



ಸಂಘದಿಂದ ಆಂತರಿಕ ಸಾಲ ತೆಗೆದುಕೊಂಡು ಕೋಳಿ ಸಾಕುವವರು ನಮ್ಮ ಗುಂಪುಗಳಲ್ಲಿ ತುಂಬಾ ಜನ ಇದ್ದಾರೆ. ಹಸು ಕೊಳ್ಳುವಷ್ಟು ದುಡ್ಡು ಬೇಡ, ಮನೆ ಬಿಟ್ಟು ದೂರ ಹೋಗಬೇಕಿಲ್ಲ, ಮೂರು ತಿಂಗಳಲ್ಲಿ ಕೈಗೆ ಕಾಸು ಬರುತ್ತೆ ಎಂಬ ಲೆಕ್ಕ. ಲೆಕ್ಕ ಸರಿಯೇ. ಆದರೆ ಸಭೆಗಳಲ್ಲಿ ನಾವು ಪದೇ ಪದೇ ಕೇಳುವ ಮಾತೊಂದಿದೆ. "ಮರಿ ತಂದಾಗ ಚೆನ್ನಾಗೇ ಇದ್ವು. ಗಬಗಬ ತಿಂದು ದಪ್ಪ ಆದ್ವು. ಆಮೇಲೆ ತಟ್ಟೆ ಹತ್ರಾನೇ ಕೂತಿರ್ತಾವೆ. ಬಾಗಿಲು ತೆಗೆದಿಟ್ರೂ ಆಚೆ ಬರಲ್ಲ. ಬಿಸಿಲು ಜಾಸ್ತಿ ಆದ ದಿನ ನಾಲ್ಕು ಸತ್ತೇ ಹೋದ್ವು."

ಕೂತು ತಿಂದರೆ ಕೋಳಿ ಬೇಗ ತೂಕ ಬರುತ್ತೆ, ಓಡಾಡಿದರೆ ತಿಂದದ್ದೆಲ್ಲ ಕರಗುತ್ತೆ ಎಂದು ಕೆಲವರು ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ದೊಡ್ಡ ಫಾರಂಗಳಲ್ಲಿ ಫ್ಯಾನ್ ಇರುತ್ತೆ, ದಿನಾ ನೋಡುವವರು ಇರುತ್ತಾರೆ, ಕೋಳಿ 40 ದಿನದ ಆಸುಪಾಸಿನಲ್ಲಿ ಲಾರಿ ಹತ್ತುತ್ತೆ. ನಮ್ಮ ಹಿತ್ತಿಲಲ್ಲಿ ಫ್ಯಾನ್ ಇಲ್ಲ, ಗಿರಾಕಿ ಬರುವವರೆಗೆ ಕೋಳಿ ಇರಲೇಬೇಕು. ಎರಡು, ಎರಡೂವರೆ ತಿಂಗಳು ಇರಬೇಕಾದ ಕೋಳಿಗೆ ತನ್ನ ಮೈ ಹೊರುವ ಕಾಲು ಬೇಕು. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅಂತಾರಲ್ಲ, ಕೋಳಿ ವಿಷಯದಲ್ಲಿ ಅದು ಅಕ್ಷರಶಃ ಸತ್ಯ. ಅದು ಕೂತು ತಿಂದರೆ ಖಾಲಿಯಾಗುವುದು ನಮ್ಮ ಸಂಘದ ಕುಡಿಕೆ.

ಮಾಂಸದ ಕೋಳಿಯನ್ನು ಗೂಡಿನಿಂದ ಆಚೆ ತಂದು, ಮೇಯುವಂತೆ, ಕೆದಕುವಂತೆ, ಓಡಾಡುವಂತೆ ಮಾಡುವುದು ಹೇಗೆ? ಈ ಸಲ ಅದನ್ನೇ ತಿಳಿಯೋಣ.

ಕೋಳಿ ಯಾಕೆ ಕೂರುತ್ತೆ?

ಇದಕ್ಕೆ ಮೂರು ಕಾರಣಗಳಿವೆ.

ಒಂದು, ಮೈಭಾರ. ಬಿಳಿ ಬಾಯ್ಲರ್ ಮರಿ ಮೊಟ್ಟೆಯಿಂದ ಹೊರಬಂದಾಗ ಸುಮಾರು 40 ಗ್ರಾಂ. ಆರು ವಾರದಲ್ಲಿ ಅದು 2 ಕಿಲೋ ಆಗುತ್ತೆ, ಅಂದರೆ 50 ಪಟ್ಟು. ಮಾಂಸ ಬೆಳೆದಷ್ಟು ಬೇಗ ಮೂಳೆ ಗಟ್ಟಿಯಾಗುವುದಿಲ್ಲ. ಎದೆ ಭಾರವಾಗಿ ಮುಂದಕ್ಕೆ ಜಗ್ಗುತ್ತೆ. ಹೃದಯ, ಶ್ವಾಸಕೋಶಕ್ಕೂ ಕೆಲಸ ಹೆಚ್ಚು. ಆಗ ಅದಕ್ಕೆ ನಿಲ್ಲುವುದೇ ಕಷ್ಟ.

ಎರಡು, ಭಯ. ಕೋಳಿಯ ಪೂರ್ವಜ ಕಾಡುಕೋಳಿ. ಅದು ಬಿದಿರು ಮೆಳೆ, ಪೊದೆ, ಮರದಡಿ ಬದುಕುವ ಪಕ್ಷಿ. ಬಯಲಲ್ಲಿ ನಿಂತರೆ ಹದ್ದಿನ ಕಣ್ಣಿಗೆ ಬೀಳ್ತೀನಿ ಎಂಬ ಹೆದರಿಕೆ ನಮ್ಮ ಸಾಕುಕೋಳಿಗೂ ರಕ್ತದಲ್ಲೇ ಬಂದಿದೆ. ಹಾಗಾಗಿ ಬೋಳು ಅಂಗಳಕ್ಕೆ ಬಾಗಿಲು ತೆಗೆದಿಟ್ಟರೆ ಅದು ಹೊಸ್ತಿಲಲ್ಲೇ ನಿಂತು ನೋಡಿ ವಾಪಸ್ ಹೋಗುತ್ತೆ.

ಮೂರು, ಅನುಕೂಲ. ಮೇವು, ನೀರು, ನೆರಳು ಮೂರೂ ಒಂದೇ ಜಾಗದಲ್ಲಿ ಇದ್ದರೆ ಅದು ಯಾಕೆ ಏಳಬೇಕು?

ಹೀಗೆ ಕೂತೇ ಇದ್ದರೆ ಅಪಾಯ ಒಂದರ ಹಿಂದೆ ಒಂದು ಬರುತ್ತೆ. ಕೆಳಗಿನ ಹೊಟ್ಟು ಹಿಕ್ಕೆಯಿಂದ ಒದ್ದೆಯಾಗಿ ಘಾಟು ಹಿಡಿಯುತ್ತೆ. ಆ ಘಾಟಿಗೆ ಎದೆಯ ಚರ್ಮದಲ್ಲಿ ಗುಳ್ಳೆ ಏಳುತ್ತೆ, ಕಾಲಿನ ಗಂಟಿನಲ್ಲಿ ಸುಟ್ಟಂತೆ ಕಪ್ಪು ಕಲೆ ಬೀಳುತ್ತೆ. ನೋವಿಗೆ ಇನ್ನೂ ಏಳುವುದಿಲ್ಲ. ಎದ್ದು ನೀರಿಗೆ ಹೋಗದೆ ಬಿಸಿಲ ಹೊತ್ತಿನಲ್ಲಿ ಬಾಯಿ ತೆರೆದು ತೇಗುತ್ತಾ ಸಾಯುತ್ತೆ. ಇದನ್ನು ಕೋಳಿಯ ಸೋಮಾರಿತನ ಎಂದು ಬೈದು ಪ್ರಯೋಜನವಿಲ್ಲ. ಮೂರೂ ಕಾರಣಕ್ಕೆ ನಮ್ಮ ಕೈಯಲ್ಲಿ ಪರಿಹಾರವಿದೆ.

ಯಾವ ತಳಿ ತರಬೇಕು?

ಹಿತ್ತಿಲಲ್ಲಿ ಬಿಟ್ಟು ಸಾಕಲು ಬಿಳಿ ಬಾಯ್ಲರ್‌ಗಿಂತ ಬಣ್ಣದ ಕೋಳಿ ಒಳ್ಳೆಯದು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಗಿರಿರಾಜ 1989ರಲ್ಲಿ ಬಿಡುಗಡೆಯಾಯಿತು. 2005ರಲ್ಲಿ ಹೆಬ್ಬಾಳದಿಂದಲೇ ಸ್ವರ್ಣಧಾರ ಬಂತು. ಅದು ಗಿರಿರಾಜನಿಗಿಂತ ಮೈಯಲ್ಲಿ ಸ್ವಲ್ಪ ಚಿಕ್ಕದು, ಹಗುರ. ಆದ್ದರಿಂದ ಕಾಡುಬೆಕ್ಕು, ನರಿ ಬಂದಾಗ ತಪ್ಪಿಸಿಕೊಂಡು ಓಡುವ ಶಕ್ತಿ ಹೆಚ್ಚು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಹೆಸರಘಟ್ಟದ ಕೇಂದ್ರದ ಕಾವೇರಿ ತಳಿಗಳೂ ಹಿತ್ತಿಲಿಗೆ ಹೊಂದುತ್ತವೆ. ಚೆನ್ನಾಗಿ ನೋಡಿಕೊಂಡರೆ ಈ ಬಣ್ಣದ ಕೋಳಿಗಳು ಎರಡೂವರೆ ಮೂರು ತಿಂಗಳಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತವೆ. ಬಾಯ್ಲರ್‌ನಷ್ಟು ಅವಸರ ಇಲ್ಲ, ಅದಕ್ಕೇ ಕಾಲು ತಡೆಯುತ್ತೆ.

ಬಾಯ್ಲರ್‌ಗೆ ಇಂಜೆಕ್ಷನ್ ಕೊಟ್ಟು ಊದಿಸ್ತಾರೆ ಅನ್ನೋ ಮಾತನ್ನು ನಂಬಬೇಡಿ. ಬೇಗ ಬೆಳೆಯುವ ಕೋಳಿಯನ್ನೇ ತಲೆಮಾರುಗಟ್ಟಲೆ ಆರಿಸಿ ಮರಿ ಮಾಡಿಸಿದ್ದರಿಂದ, ಮತ್ತು ಸಾರವತ್ತಾದ ಮೇವಿನಿಂದ ಅದು ಹಾಗೆ ಬೆಳೆಯುತ್ತೆ. ಬಾಯ್ಲರ್ ಮರಿ ತಂದವರೂ ಮುಂದೆ ಹೇಳುವ ಕ್ರಮ ಅನುಸರಿಸಬಹುದು, ಆದರೆ ಎಂಟು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಕಂಪನಿಯ ಕರಾರಿನ ಮೇಲೆ ಸಾಕುವವರು ಕಂಪನಿಯ ಕೋಳಿಯನ್ನು ಹೊರಗೆ ಬಿಡುವಂತಿಲ್ಲ. ಅಂಥ ಮನೆಯಲ್ಲಿ ಬೇರೆ ಕೋಳಿ ಸಾಕುವುದೂ ಬೇಡ.

ಮೊದಲ ಮೂರು ವಾರ: ಅಭ್ಯಾಸ ಇಲ್ಲೇ ಶುರು

ಮರಿಗೆ ಮೊದಲ ವಾರ ತಾಯಿಯ ಕಾವಿನಷ್ಟು ಬಿಸಿ ಬೇಕು. 50 ಮರಿಗೆ 100 ವ್ಯಾಟಿನ ಒಂದು ಹಳೇ ಮಾದರಿ ಬಲ್ಬು ಸಾಕು. ಎಲ್‌ಇಡಿ ಬಲ್ಬು ಹಾಕಬೇಡಿ, ಅದು ಬೆಳಕು ಕೊಡುತ್ತೆ, ಬಿಸಿ ಕೊಡಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪಾದರೆ ಚಳಿ. ದೂರ ಸರಿದು ಬಾಯಿ ತೆರೆದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಓಡಾಡಿದರೆ ಸರಿಯಾಗಿದೆ ಎಂದು ಅರ್ಥ. ವಾರ ವಾರ ಬಲ್ಬನ್ನು ಸ್ವಲ್ಪ ಮೇಲಕ್ಕೆ ಕಟ್ಟುತ್ತಾ ಬನ್ನಿ.

ಓಡಾಡುವ ಅಭ್ಯಾಸ ಆಗಲೇ ಕಲಿಸಬೇಕು. ಮರಿಗಳ ಸುತ್ತ ಕಟ್ಟಿದ ರಟ್ಟು ಅಥವಾ ತಗಡಿನ ಬೇಲಿಯನ್ನು ಎರಡು ದಿನಕ್ಕೊಮ್ಮೆ ಅಗಲ ಮಾಡಿ. ಮೇವಿನ ತಟ್ಟೆ ಒಂದು ಕಡೆ, ನೀರಿನ ಬಟ್ಟಲು ಇನ್ನೊಂದು ಕಡೆ ಇಡಿ. ಹತ್ತು ದಿನ ಆದ ಮೇಲೆ ಒಂದೆರಡು ಇಟ್ಟಿಗೆ ಅಥವಾ ಸಣ್ಣ ಕೊರಡು ಇಡಿ, ಹತ್ತಿ ಇಳಿಯುವುದು ಅವಕ್ಕೆ ಆಟ, ಕಾಲಿಗೆ ಕಸರತ್ತು. ರಾತ್ರಿಯೆಲ್ಲ ದೀಪ ಹಾಕಿ ತಿನ್ನಿಸಬೇಡಿ. ಬಲ್ಬಿನ ಬಿಸಿ ಬೇಡವಾದ ಮೇಲೆ ರಾತ್ರಿ ಕತ್ತಲೆ ಇರಲಿ. ರಾತ್ರಿ ನಿದ್ದೆ ಮಾಡಿದ ಮರಿಯೇ ಹಗಲು ಚುರುಕಾಗಿರುತ್ತೆ.

ನೆಲಕ್ಕೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹಾಸಿ, ದಿನಾ ಒಮ್ಮೆ ಕೈಯಾಡಿಸಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆಯಾದರೆ ಒದ್ದೆ, ಆ ಭಾಗ ತೆಗೆದು ಒಣ ಹೊಟ್ಟು ಹಾಕಿ.

ಬಾಗಿಲು ತೆಗೆಯುವ ದಿನ

ಮೂರು ನಾಲ್ಕು ವಾರಕ್ಕೆ ಮೈ ತುಂಬ ಪುಕ್ಕ ಬಂದಿರುತ್ತೆ. ಬೆನ್ನಿನ ಮೇಲೂ ಪುಕ್ಕ ಮೂಡಿದ್ದರೆ ಹೊರಗೆ ಬಿಡಬಹುದು. ಮಳೆ ಇಲ್ಲದ, ಗಾಳಿ ಜೋರಿಲ್ಲದ ದಿನ ಆರಿಸಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಗಂಟೆ, ಸಂಜೆ ಒಂದು ಗಂಟೆ. ಮೊದಲ ವಾರ ಇಷ್ಟೇ ಸಾಕು.

ಹಿಂದಿನ ರಾತ್ರಿ ತಟ್ಟೆಯಲ್ಲಿ ಮೇವು ಉಳಿಸಬೇಡಿ. ಬೆಳಿಗ್ಗೆ ಗೂಡಿನೊಳಗೆ ಮೇವು ಹಾಕುವ ಮೊದಲೇ ಬಾಗಿಲು ತೆಗೆಯಿರಿ. ಬಾಗಿಲಿಂದ ಎರಡಡಿ ದೂರದಲ್ಲಿ ಒಂದು ಹಿಡಿ ನುಚ್ಚು ಅಥವಾ ರಾಗಿ ಚೆಲ್ಲಿ, ನೀವು ದಿನಾ ಕರೆಯುವ ಕೂಗಿನಲ್ಲೇ ಕರೆಯಿರಿ. ಹಸಿದ ಮರಿ ಬರುತ್ತೆ. ಒಂದು ಬಂದರೆ ಅದರ ಹಿಂದೆ ಹತ್ತು ಬರುತ್ತವೆ. ಮರುದಿನ ನಾಲ್ಕಡಿ ದೂರ, ಆಮೇಲೆ ಎಂಟಡಿ. ಹೀಗೆ ಒಂದು ವಾರದಲ್ಲಿ ಹಿತ್ತಿಲಿನ ಬೇಲಿವರೆಗೂ ಕರೆದುಕೊಂಡು ಹೋಗಬಹುದು. ಕೋಲು ಹಿಡಿದು ಅಟ್ಟಬೇಡಿ. ಹೆದರಿದ ಕೋಳಿ ಮರುದಿನ ಬಾಗಿಲ ಹತ್ತಿರವೂ ಬರಲ್ಲ. ಹೀಗೆ ಕೂಗಿಗೆ ಬರುವ ಅಭ್ಯಾಸ ಆದರೆ ಸಂಜೆ ಗೂಡಿಗೆ ಸೇರಿಸುವುದೂ ಸುಲಭ.

ಬಾಗಿಲು ಅಗಲ ಇರಲಿ. ಒಂದೇ ಸಣ್ಣ ಕಿಂಡಿ ಇದ್ದರೆ ಜೋರಿನ ಕೋಳಿ ಅಲ್ಲೇ ಕೂತು ಉಳಿದವನ್ನು ತಡೆಯುತ್ತೆ. ಗೂಡು ನೆಲದಿಂದ ಎತ್ತರದಲ್ಲಿದ್ದರೆ ಹಲಗೆಯೊಂದನ್ನು ಇಳಿಜಾರಾಗಿ ಇಡಿ. ಭಾರದ ಕೋಳಿ ಎತ್ತರದಿಂದ ಹಾರಿ ಬಿದ್ದರೆ ಕಾಲಿಗೆ ಪೆಟ್ಟು. ಕೂರುವ ಕೊಂಬೆಯೂ ಅಷ್ಟೇ, ಒಂದಡಿಗಿಂತ ಎತ್ತರ ಬೇಡ.

50 ಕೋಳಿಗೆ ರಾತ್ರಿ ತಂಗಲು 75ರಿಂದ 100 ಚದರ ಅಡಿ ಗೂಡು ಬೇಕು. ಹಿತ್ತಿಲು ಚಿಕ್ಕದಿದ್ದರೆ 50 ತರಬೇಡಿ, 20 ಸಾಕು. ಜಾಗ ಇದ್ದಷ್ಟು ಕೋಳಿ ಇರಲಿ.

ನೆರಳಿನ ದಾರಿ ಮಾಡಿ

ಕೋಳಿ ನೆರಳಿಂದ ನೆರಳಿಗೆ ಓಡುತ್ತೆ. ಗೂಡಿನ ಬಾಗಿಲಿಂದ ಹಿತ್ತಿಲ ತುದಿವರೆಗೆ ಎಂಟು ಹತ್ತು ಅಡಿಗೊಂದು ಮರೆ ಇದ್ದರೆ ಅದು ಧೈರ್ಯವಾಗಿ ಹೋಗುತ್ತೆ. ಇದಕ್ಕೆ ದುಡ್ಡು ಬೇಡ. ನಾಲ್ಕು ಗೂಟ ನೆಟ್ಟು ಎರಡಡಿ ಎತ್ತರಕ್ಕೆ ತೆಂಗಿನ ಗರಿ ಹೊದಿಸಿ. ಹಳೇ ಗೋಣಿಚೀಲ ಕಟ್ಟಿ. ಸೌದೆ ಒಟ್ಟಿದ ಜಾಗ, ಎತ್ತಿನ ಗಾಡಿಯ ಅಡಿ, ಬಾಳೆ, ನುಗ್ಗೆ, ತೊಗರಿ ಸಾಲು ಎಲ್ಲವೂ ಮರೆಯೇ. ಅಡಿಕೆ, ಕಾಫಿ, ತೆಂಗಿನ ತೋಟ ಇರುವವರಿಗೆ ಈ ಕೆಲಸ ಅರ್ಧ ಮುಗಿದ ಹಾಗೆ. ಆದರೆ ತೋಟಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಕೋಳಿಯನ್ನು ಅಲ್ಲಿಗೆ ಬಿಡಲೇಬಾರದು.

ಮಳೆಗಾಲದಲ್ಲಿ ಒದ್ದೆ ನೆಲಕ್ಕೆ ಬಿಟ್ಟರೆ ಶೀತವಾಗುತ್ತೆ, ಹುಳುವಿನ ಬಾಧೆ ಬರುತ್ತೆ. ಆಗ ಗೂಡಿನ ಮುಂದೆ ತಗಡು ಅಥವಾ ಟಾರ್ಪಾಲಿನ ಮಾಡು ಇಳಿಸಿ, ಕೆಳಗೆ ಒಣ ಮಣ್ಣು, ತರಗೆಲೆ ಹರಡಿ. ಓಡಾಡಲು ಅಷ್ಟು ಜಾಗವಾದರೂ ಇರಲಿ.

ಮೇವು, ನೀರು ಎಲ್ಲಿ ಇಡಬೇಕು?

ಕೋಳಿ ಹೊರಗೆ ಬರಲು ಕಲಿತ ಮೇಲೆ ಮೇವಿನ ತಟ್ಟೆಯನ್ನು ಒಂದು ಕಡೆ, ನೀರನ್ನು ಹತ್ತು ಹದಿನೈದು ಅಡಿ ದೂರದಲ್ಲಿ ಇನ್ನೊಂದು ನೆರಳಲ್ಲಿ ಇಡಿ. ದಿನಕ್ಕೆ ಹತ್ತಾರು ಸಲ ತಿಂದು ಕುಡಿಯುವ ಕೋಳಿ ಅಷ್ಟು ಸಲ ನಡೆಯುತ್ತೆ. ಆದರೆ ಬೇಸಿಗೆಯ ಮಧ್ಯಾಹ್ನ ಮಾತ್ರ ಈ ನಿಯಮ ಬೇಡ. 11ರಿಂದ 4ರವರೆಗೆ ಕೋಳಿ ಇರುವ ನೆರಳಲ್ಲೇ ತಣ್ಣಗಿನ ನೀರು ಇರಲಿ, ಮೇವು ತೆಗೆದಿಡಿ. ತಿಂದದ್ದು ಅರಗುವಾಗ ಮೈಬಿಸಿ ಏರುತ್ತೆ, ಬಿಸಿಲಿಗೆ ಅದೂ ಸೇರಿದರೆ ಕೋಳಿ ತಡೆಯಲ್ಲ. ಮೇವು ಬೆಳಿಗ್ಗೆ ತಂಪಲ್ಲಿ ಒಮ್ಮೆ, ಸಂಜೆ ತಂಪಲ್ಲಿ ಒಮ್ಮೆ.

ಮೊದಲ ನಾಲ್ಕು ವಾರ ಅಂಗಡಿಯ ಮರಿ ಮೇವೇ ಕೊಡಿ. ಅಲ್ಲಿ ಉಳಿತಾಯ ಮಾಡಿದರೆ ಮೂಳೆ ಬೆಳೆಯುವುದಿಲ್ಲ. ಆಮೇಲೆ ನಿಧಾನವಾಗಿ ಮನೆಯ ಮೆಕ್ಕೆಜೋಳದ ನುಚ್ಚು, ರಾಗಿ, ತೌಡು, ಹಿಂಡಿ ಬೆರೆಸಿ. ಖನಿಜ ಮಿಶ್ರಣ ಮರೆಯಬೇಡಿ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಕೋಳಿಗೆ ವಿಷ, ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಮೊಟ್ಟೆ ಕೋಳಿಯ ಮೇವನ್ನು ಮರಿಗೆ ಹಾಕಬೇಡಿ. ಅದರಲ್ಲಿ ಸುಣ್ಣದಂಶ ಜಾಸ್ತಿ, ಎಳೆ ಕೋಳಿಯ ಮೂತ್ರಪಿಂಡ ಕೆಡುತ್ತೆ. ಬಿಸಿಲಿನಲ್ಲಿ ಓಡಾಡುವ ಕೋಳಿಗೆ ಡಿ ಜೀವಸತ್ವ ತಾನಾಗಿಯೇ ಸಿಗುತ್ತೆ, ಮೂಳೆಗೆ ಬಲ ಬರುತ್ತೆ. ಹೊರಗೆ ಬಿಡುವುದರಿಂದ ಆಗುವ ದೊಡ್ಡ ಲಾಭ ಇದು.

ಕೆದಕುವ ಕೆಲಸ ಕೊಡಿ

ಬರೀ ಬಯಲಿಗೆ ಬಂದ ಕೋಳಿಗೆ ಅಲ್ಲಿ ಏನಾದರೂ ಸಿಗಬೇಕು, ಇಲ್ಲದಿದ್ದರೆ ವಾಪಸ್ ಹೋಗುತ್ತೆ. ಮನೆಯಲ್ಲೇ ಮಾಡಬಹುದಾದ ಕೆಲವು ಉಪಾಯಗಳು:

1. ತಿಪ್ಪೆಯ ಒಂದು ಬದಿಯನ್ನು ಕೋಳಿಗೆ ಬಿಡಿ. ಹುಳ ಹೆಕ್ಕುತ್ತಾ ಅವು ಗೊಬ್ಬರವನ್ನೂ ಕೆದಕಿ ಬೆರೆಸುತ್ತವೆ.

2. ಗೆದ್ದಲು ಮಡಕೆ ಇಡಿ. ಹಳೇ ಮಡಕೆಗೆ ಒಣ ಸಗಣಿ, ಹುಲ್ಲು, ಹರಿದ ಗೋಣಿಚೀಲದ ತುಂಡು ತುಂಬಿ, ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಬೋರಲು ಹಾಕಿ. ಮರುದಿನ ಬೆಳಿಗ್ಗೆ ಕೊಡವಿದರೆ ಕೋಳಿ ಮುತ್ತಿಕೊಂಡು ತಿನ್ನುತ್ತವೆ. ಮನೆಯ ಮರಮುಟ್ಟಿನ ಹತ್ತಿರ ಮಾತ್ರ ಇಡಬೇಡಿ.

3. ನುಗ್ಗೆ ಸೊಪ್ಪು, ದಂಟು ಸೊಪ್ಪು ಕಟ್ಟು ಕಟ್ಟಿ ಕೋಳಿಯ ತಲೆಗಿಂತ ಸ್ವಲ್ಪ ಮೇಲೆ ನೇತು ಹಾಕಿ. ಕತ್ತು ಚಾಚಿ, ಕಾಲು ನೀಡಿ ಕಿತ್ತು ತಿನ್ನಲಿ. ಅಜೋಲ್ಲಾ ಬೆಳೆಸಿದವರು ಅದನ್ನು ತೊಳೆದು ಕೊಡಬಹುದು.

4. ಸಂಜೆ ಮೇವಿನ ಒಂದು ಪಾಲನ್ನು ತಟ್ಟೆಗೆ ಹಾಕದೆ ತರಗೆಲೆಯ ಮೇಲೆ ಎರಚಿ. ಹುಡುಕಿ ತಿನ್ನಲಿ.

5. ನೆರಳಲ್ಲಿ ಒಂದು ಗುಂಡಿ ಮಾಡಿ ಒಣ ಮಣ್ಣು, ಮರಳು, ಒಲೆ ಬೂದಿ ತುಂಬಿ. ಕೋಳಿ ಅದರಲ್ಲಿ ಹೊರಳಾಡುತ್ತೆ, ಹೇನು ಕಡಿಮೆಯಾಗುತ್ತೆ.

ಹಿತ್ತಿಲನ್ನು ಎರಡು ಭಾಗ ಮಾಡಿ ಹದಿನೈದು ದಿನ ಒಂದು ಕಡೆ, ಹದಿನೈದು ದಿನ ಇನ್ನೊಂದು ಕಡೆ ಬಿಟ್ಟರೆ ಹುಲ್ಲು ಚಿಗುರುತ್ತೆ, ನೆಲದಲ್ಲಿ ರೋಗದ ಬೀಜವೂ ಕಡಿಮೆಯಾಗುತ್ತೆ. ಪಕ್ಕದ ಮನೆಯ ಸೊಪ್ಪಿನ ಮಡಿಗೆ ನುಗ್ಗದಂತೆ ಬೇಲಿ ಕಟ್ಟಿ. ಕೋಳಿಯಿಂದ ಶುರುವಾದ ಜಗಳ ಸಂಘದ ಸಭೆವರೆಗೂ ಬರೋದನ್ನ ಕಂಡಿದ್ದೀವಲ್ಲ!

ಹದ್ದು, ಮುಂಗುಸಿ, ನಾಯಿ

ಹೊರಗೆ ಬಿಟ್ಟರೆ ಶತ್ರುಗಳ ಕಾಟ ಇದ್ದೇ ಇದೆ. ಹದ್ದು, ಗಿಡುಗ, ಕಾಗೆ ಎರಗುವುದು ಎಳೆಯ ಮರಿಗಳ ಮೇಲೆಯೇ ಹೆಚ್ಚು. ಮರಿ ಬಿಡುವ ಜಾಗದ ಮೇಲೆ ಹಳೇ ಮೀನುಬಲೆ ಅಥವಾ ನೈಲಾನ್ ಬಲೆ ಕಟ್ಟಿ. ಮುಂಗುಸಿ ಹಗಲಲ್ಲೇ ಬರುತ್ತೆ, ಬೇಲಿಯ ಬುಡದಲ್ಲಿ ಮುಳ್ಳು ಒತ್ತಿ. ರಾತ್ರಿಗೆ ಗೂಡಿನ ಜಾಲರಿ, ಚಿಲಕ ಭದ್ರವಾಗಿರಲಿ. ಕತ್ತಲಾಗುವ ಮೊದಲೇ ಎಣಿಸಿ ಒಳಗೆ ಸೇರಿಸಿ.

ಒಂದು ಮಾತು. ಹದ್ದು ಕಾಯಲಿ ಎಂದು ಹೆಣ್ಣುಮಕ್ಕಳನ್ನು ಶಾಲೆಯಿಂದ ಉಳಿಸಿಕೊಳ್ಳಬೇಡಿ. ಮರೆ ಮಾಡಿದರೆ, ಬಲೆ ಕಟ್ಟಿದರೆ ಕಾವಲಿನ ಕೆಲಸ ಮುಕ್ಕಾಲು ಕಡಿಮೆಯಾಗುತ್ತೆ. ಉಳಿದ ಕಾಲು ಭಾಗವನ್ನು ಮನೆಯ ಗಂಡಸರೂ ಹಂಚಿಕೊಳ್ಳಲಿ.

ಕುಂಟುವ ಕೋಳಿಯನ್ನು ಗುರುತಿಸಿ

ದಿನಾ ಬೆಳಿಗ್ಗೆ ಬಾಗಿಲು ತೆಗೆದು ಎರಡು ನಿಮಿಷ ನಿಂತು ನೋಡಿ. ಮೊದಲು ಓಡಿ ಬರುವ ಕೋಳಿಯನ್ನಲ್ಲ, ಕೊನೆಗೆ ಬರುವ ಐದನ್ನು ನೋಡಿ. ಕುಂಟುವುದು, ರೆಕ್ಕೆ ಊರಿ ನಡೆಯುವುದು, ನಾಲ್ಕು ಹೆಜ್ಜೆಗೆ ಕೂರುವುದು ಕಂಡರೆ ಅದನ್ನು ಬೇರೆ ಮಾಡಿ, ಮೇವು ನೀರು ಹತ್ತಿರದಲ್ಲೇ ಕೊಡಿ. ಅಂಥದ್ದನ್ನು ಎಬ್ಬಿಸಿ ಓಡಿಸಬೇಡಿ. ಓಡಾಟ ಕಾಲು ಕೆಡದಂತೆ ಕಾಯುತ್ತೆ, ಕೆಟ್ಟ ಕಾಲಿಗೆ ಅದು ಮದ್ದಲ್ಲ.

ಕಾಲ್ಬೆರಳು ಒಳಗೆ ಮಡಚಿಕೊಂಡಿದ್ದರೆ ಬಿ ಜೀವಸತ್ವದ ಕೊರತೆ ಇರಬಹುದು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿದ್ದರೆ ಮಾರೆಕ್ಸ್ ರೋಗ ಇರಬಹುದು. ಕತ್ತು ತಿರುಚಿ, ಹಸಿರು ಭೇದಿಯಾದರೆ ಕೊಕ್ಕರೆ ರೋಗದ ಅನುಮಾನ. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ. ಇವಕ್ಕೆಲ್ಲ ಪಶುವೈದ್ಯರನ್ನೇ ಕೇಳಿ, ಅಥವಾ 1962ಕ್ಕೆ ಫೋನ್ ಮಾಡಿ. ಅಂಗಡಿಯಲ್ಲಿ ಸಿಕ್ಕ ಮಾತ್ರೆಯನ್ನು ಅಂದಾಜಿಗೆ ಹಾಕಬೇಡಿ. ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ ಮುಂತಾದ ಆಹಾರದ ಪ್ರಾಣಿಗಳಿಗೆ ಕೊಡದಂತೆ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಲಸಿಕೆ ತಪ್ಪಿಸಬೇಡಿ. ಮಾರೆಕ್ಸ್ ಲಸಿಕೆಯನ್ನು ಮರಿ ಮಾಡಿಸುವಲ್ಲೇ ಮೊದಲ ದಿನ ಹಾಕಿರಬೇಕು, ಕೇಳಿ ತನ್ನಿ. 5ರಿಂದ 7ನೇ ದಿನ ಕೊಕ್ಕರೆ ರೋಗದ ಹನಿ, 14ನೇ ದಿನ ಗಂಬೋರೊ, 28ನೇ ದಿನದ ಹೊತ್ತಿಗೆ ಕೊಕ್ಕರೆ ರೋಗಕ್ಕೆ ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ದಿನ ಇಡುವ ಕೋಳಿಗೆ ಆರನೇ ವಾರ ಸಿಡುಬಿನ ಲಸಿಕೆ, ಎಂಟನೇ ವಾರ ಕೊಕ್ಕರೆ ರೋಗದ ಚುಚ್ಚುಮದ್ದು. ಲಸಿಕೆಯ ಬಾಟಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತೆ. ಕಲಸಿದ ಮೇಲೆ ಐಸಿನಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಬ್ಬರೇ ತಂದರೆ ದಂಡ. ಸಂಘದ ನಾಲ್ಕೈದು ಜನ ಒಂದೇ ದಿನ ಮರಿ ತಂದರೆ ಒಂದೇ ಬಾಟಲಿ ಎಲ್ಲರಿಗೂ ಆಗುತ್ತೆ. ಸಂಘ ಇರುವುದೇ ಇಂಥ ಕೆಲಸಕ್ಕೆ.

ಹಕ್ಕಿಜ್ವರದ ಬಗ್ಗೆಯೂ ಎಚ್ಚರ ಇರಲಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿತ್ತು. ನೀರುಹಕ್ಕಿಗಳು ಬರುವ ಕೆರೆ ಅಂಗಳಕ್ಕೆ ಕೋಳಿ ಬಿಡಬೇಡಿ. ಒಂದೆರಡು ದಿನದಲ್ಲೇ ಕೋಳಿಗಳು ಸಾಲಾಗಿ ಸತ್ತರೆ ಅವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಾರಬೇಡಿ, ಹಳ್ಳಕ್ಕೆ ಎಸೆಯಬೇಡಿ. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಸಾಲದ ಲೆಕ್ಕ

ಕಾಲು ಗಟ್ಟಿ ಇರುವುದಕ್ಕೂ ಸಾಲ ತೀರುವುದಕ್ಕೂ ಏನು ಸಂಬಂಧ? ಒಂದು ಉದಾಹರಣೆ ನೋಡೋಣ. ಇಲ್ಲಿನ ದರ ಲೆಕ್ಕ ತಿಳಿಯಲು ಮಾತ್ರ, ನಿಮ್ಮ ಊರಿನ ದರ ಹಾಕಿಕೊಂಡು ನೀವೇ ಮಾಡಿ.

50 ಬಣ್ಣದ ಮರಿ, ಮೇವು, ಹೊಟ್ಟು, ಲಸಿಕೆ ಎಲ್ಲ ಸೇರಿ 11,250 ರೂಪಾಯಿ ಖರ್ಚಾಯಿತು ಎಂದುಕೊಳ್ಳಿ. ಇಷ್ಟನ್ನೂ ಸಂಘದ ಸಾಲದಿಂದ ತಂದರೆ, ತಿಂಗಳಿಗೆ ಶೇಕಡ 2ರಂತೆ ಮೂರು ತಿಂಗಳ ಬಡ್ಡಿ 675. ಒಟ್ಟು ತೀರಿಸಬೇಕಾದ್ದು 11,925. ಒಂದು ಕೋಳಿ 350ಕ್ಕೆ ಹೋಗುತ್ತೆ ಎಂದುಕೊಳ್ಳೋಣ.

45 ಕೋಳಿ ಉಳಿದರೆ ಕೈಗೆ 15,750. ಸಾಲ, ಬಡ್ಡಿ ಕಳೆದು 3,825 ಉಳಿಯುತ್ತೆ.

35 ಉಳಿದರೆ ಕೈಗೆ 12,250. ಸಾಲ, ಬಡ್ಡಿ ಕಳೆದು ಮೂರು ತಿಂಗಳ ದುಡಿಮೆಗೆ ಸಿಗುವುದು 325.

30 ಉಳಿದರೆ ಕೈಗೆ 10,500. ಆಗ 1,425 ರೂಪಾಯಿ ಕೂಲಿ ಮಾಡಿ ಕಟ್ಟಬೇಕು.

ನೋಡಿದಿರಾ? ಕೋಳಿ ನೂರು ಗ್ರಾಂ ಹೆಚ್ಚು ತೂಗುತ್ತೋ ಕಡಿಮೆ ತೂಗುತ್ತೋ ಅನ್ನೋದಕ್ಕಿಂತ, ಕೊನೆಯ ದಿನ ಎಷ್ಟು ಕೋಳಿ ಕಾಲ ಮೇಲೆ ನಿಂತಿವೆ ಅನ್ನೋದು ದೊಡ್ಡ ಪ್ರಶ್ನೆ. ಓಡಾಡುವ ಕೋಳಿಗೆ ತೂಕ ಬರಲು ಒಂದೆರಡು ವಾರ ಹೆಚ್ಚು ಬೇಕಾಗಬಹುದು. ಆ ಎರಡು ವಾರಕ್ಕೆ ಹೆದರಿ ಹತ್ತು ಕೋಳಿ ಕಳೆದುಕೊಳ್ಳುವುದು ಜಾಣತನವಲ್ಲ. ಹಾಗೆಂದು 12 ವಾರ ದಾಟಿಸಿ ಇಟ್ಟುಕೊಳ್ಳುವುದೂ ಬೇಡ. ಆಮೇಲೆ ತಿನ್ನುವುದು ಹೆಚ್ಚು, ಬೆಳೆಯುವುದು ಕಡಿಮೆ.

ಮಾರಾಟದ ದಿನವನ್ನು ಮೊದಲೇ ಗೊತ್ತು ಮಾಡಿಕೊಂಡು ಹಿಂದಕ್ಕೆ ಎಣಿಸಿ. ಕ್ರಿಸ್‌ಮಸ್‌ಗೆ ಮಾರಬೇಕಾದರೆ ಅಕ್ಟೋಬರ್ 2ರ ಹೊತ್ತಿಗೆ ಮರಿ ತಂದರೆ ಸರಿಯಾಗಿ 12 ವಾರ. ಯುಗಾದಿಯ ಮರುದಿನದ ಹೊಸತೊಡಕು, ಊರ ಮಾರಮ್ಮನ ಹಬ್ಬ, ಜಾತ್ರೆಗೂ ಹೀಗೇ ಲೆಕ್ಕ ಹಾಕಿ. ಶ್ರಾವಣದಲ್ಲಿ ಬೇಡಿಕೆ ಇಳಿಯುತ್ತೆ, ಆಗ ಕೋಳಿ ಕೈಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ಮೇಯ್ದು ಓಡಾಡಿದ ಕೋಳಿಯ ಮಾಂಸ ಗಟ್ಟಿಯಾಗಿ, ರುಚಿಯಾಗಿ ಇರುತ್ತೆ. ಗಿರಾಕಿಗೆ ಹಿತ್ತಿಲು ತೋರಿಸಿ, ಅದೇ ನಿಮ್ಮ ಜಾಹೀರಾತು. ಬಣ್ಣದ ಕೋಳಿಯನ್ನು ನಾಟಿ ಕೋಳಿ ಎಂದು ಹೇಳಿ ಮಾರಬೇಡಿ. ಒಮ್ಮೆ ಸುಳ್ಳು ಗೊತ್ತಾದರೆ ಇಡೀ ಸಂಘದ ಹೆಸರು ಕೆಡುತ್ತೆ. ಬಂದ ಹಣ ಮೊದಲು ನಿಮ್ಮ ಕೈಗೆ, ನಿಮ್ಮ ಪಾಸ್‌ಬುಕ್ಕಿಗೆ ಬರಲಿ.

ನಿಮ್ಮ ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಕೋಳಿಗೆ ಸಾಲ ಪಡೆದವರು ಎಷ್ಟು ಜನ? ತಂದ ಮರಿ ಎಷ್ಟು, ಮಾರಿದ ಕೋಳಿ ಎಷ್ಟು?

2. ಸತ್ತ ಕೋಳಿಗಳಲ್ಲಿ ಕಾಲು ಬಿದ್ದು ಸತ್ತವೆಷ್ಟು, ಬಿಸಿಲಿಗೆ ಎಷ್ಟು, ರೋಗಕ್ಕೆ ಎಷ್ಟು, ಹದ್ದು ನಾಯಿಗೆ ಎಷ್ಟು?

3. ಯಾರ ಹಿತ್ತಿಲಲ್ಲಿ ನೆರಳು ಚೆನ್ನಾಗಿದೆ? ಅಲ್ಲಿಗೆ ಎಲ್ಲರೂ ಒಮ್ಮೆ ಹೋಗಿ ನೋಡಬಹುದೇ?

4. ಮುಂದಿನ ಸಲ ಒಂದೇ ದಿನ ಮರಿ ತಂದು, ಒಟ್ಟಿಗೆ ಲಸಿಕೆ ಹಾಕಿಸಲು ಯಾರು ಯಾರು ಸಿದ್ಧ?

ಒಂದು ನೋಟ್‌ಬುಕ್ಕಿನಲ್ಲಿ ಮರಿ ತಂದ ದಿನ, ಲಸಿಕೆ, ಮೇವಿನ ಖರ್ಚು, ಸತ್ತ ಕೋಳಿ ಮತ್ತು ಅದರ ಕಾರಣ ಬರೆದಿಡಿ. ಬರೆಯಲು ಬಾರದ ಅಕ್ಕಂದಿರಿಗೆ ಸಂಘದ ಲೆಕ್ಕ ಬರೆಯುವವರು ಸಹಾಯ ಮಾಡಲಿ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕ ತನ್ನಿ, ಒಟ್ಟಿಗೆ ಕೂತು ನೋಡೋಣ.